ಮಾತಾಡಲು ಅಪ್ಪಣೆ

ಹೆಲಿಕಾಪ್ಟರ್ ಹಾರುವುದಿಲ್ಲ ಎಂದು ತಿಳಿದಾಗಲೇ ರಗ್ನಾ ತಲೆನೋವೆಂದು ನೆಪ ಹೇಳಿ ಹೋಟೆಲಿನ ಕೋಣೆಯಲ್ಲೇ ಮಲಗಿಬಿಡಬೇಕಿತ್ತು. ಮಲಗಲಿಲ್ಲ. ವಿಮಾನ ನಿಲ್ದಾಣದ ಮೇಲೆ ಮಂಜು ಕೂತುಬಿಟ್ಟಿದೆ, ಸಮುದ್ರವೇನೋ ಸುಮ್ಮನಿದೆ, ಬಾಡಿಗೆಗೆ ಒಂದು ದೋಣಿ ಸಿಕ್ಕಿದೆ, ಮುಕ್ಕಾಲು ಗಂಟೆಯ ದಾರಿ ಅಷ್ಟೇ ಎಂದು ಯಾರೋ ಬಂದು ಹೇಳಿದರು. ಅವಳು ತಲೆಯಾಡಿಸಿದಳು. ತಲೆಯಾಡಿಸುವುದು ಅವಳಿಗೆ ಒಂಬತ್ತು ವರ್ಷದ ಅಭ್ಯಾಸ.

ಹೋಗಬೇಕಾಗಿದ್ದದ್ದು ಹಾಮರಿಗೆ, ಅವಳು ಹುಟ್ಟಿದ ಊರಿಗೆ. ಅಲ್ಲಿಗೆ ಅವಳು ದೋಣಿಯಲ್ಲಿ ಹೋಗಿ ಮೂವತ್ತೊಂದು ವರ್ಷವಾಗಿತ್ತು. ಹೆಲಿಕಾಪ್ಟರಿನಲ್ಲಿ ಹೋಗುತ್ತಿದ್ದಳು, ಅದು ಹಾರದ ವಾರ ಹೋಗುತ್ತಲೇ ಇರಲಿಲ್ಲ. ದೊಡ್ಡಪ್ಪ ದಾನ್ಯಾಲ್ ಫೋನಿನಲ್ಲಿ ಎಷ್ಟೋ ಸಲ ಹಂಗಿಸಿದ್ದ. "ಏನಮ್ಮಾ, ದೊಡ್ಡ ಆಫೀಸರ್ರು, ಕಾಲು ಒದ್ದೆ ಆಗ್ಬಾರ್ದು ಅಂತಾನಾ?" ಕಾಲು ಒದ್ದೆಯಾಗುವ ಮಾತಲ್ಲ ಅದು, ಅವನಿಗೂ ಗೊತ್ತಿತ್ತು.

ರಗ್ನಾ ಯಾವ ಸಮಿತಿಯ ಜೊತೆ ಹೊರಟಿದ್ದಳೋ ಅದರ ಕತೆ ಹೇಳದಿದ್ದರೆ ಮುಂದಿನದಕ್ಕೆ ತಲೆಬುಡ ಇರುವುದಿಲ್ಲ. ಉತ್ತರದ ಐದು ದೇಶಗಳು ನಮ್ಮಜ್ಜಂದಿರ ಕಾಲದಲ್ಲಿ ಕೂಡಿ ಒಂದು ಒಪ್ಪಂದ ಮಾಡಿಕೊಂಡವು. ಶಾಲೆ, ಕೆಲಸ, ಕಾನೂನು, ಸಮುದ್ರ ಎಲ್ಲದರಲ್ಲೂ ಒಟ್ಟಿಗೆ ನಡೆಯೋಣವೆಂದು. ಡೆನ್ಮಾರ್ಕಿನ ಅರಸೊತ್ತಿಗೆಗೆ ಸೇರಿದ್ದರೂ ನಮ್ಮ ಫೆರೋ ದ್ವೀಪಗಳಿಗೆ ಸ್ವಂತ ಸಂಸತ್ತಿದೆ, ಬಾವುಟವಿದೆ, ಮೀನಿನ ವಿಷಯ ಬಂದರೆ ಎಂಥ ದೊಡ್ಡ ದೇಶದ ಜೊತೆಗಾದರೂ ಜಗಳ ಕಾಯುವ ಗಂಟಲಿದೆ. ಆದರೆ ಆ ಒಪ್ಪಂದದ ಮೇಜಿಗೆ ಬಂದರೆ ಮಾತ್ರ ನಮ್ಮ ಕುರ್ಚಿ ಡೆನ್ಮಾರ್ಕಿನ ಬೆನ್ನ ಹಿಂದೆ. ಗ್ರೀನ್‌ಲ್ಯಾಂಡಿನವರದೂ ಅದೇ ಪಾಡು. ಈಗ ಒಪ್ಪಂದ ತಿದ್ದಲು ಸಮಿತಿ ಕೂತಿತ್ತು. ತಮ್ಮನ್ನು ತಾವೇ ಆಳಿಕೊಳ್ಳುವ ನಾಡುಗಳಿಗೆ ಉಳಿದವರಷ್ಟೇ ಮಾತು, ಉಳಿದವರಷ್ಟೇ ಮತ ಕೊಡುವುದೋ, ಇಲ್ಲ 'ಅವರ ಅಭಿಪ್ರಾಯವನ್ನೂ ಕೇಳಬಹುದು' ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳುವುದೋ, ಅದು ಮಾರನೆಯ ದಿನ ತೀರ್ಮಾನವಾಗಬೇಕಿತ್ತು.

ರಗ್ನಾ ಆ ಸಮಿತಿಯಲ್ಲಿ ಸಲಹೆಗಾರ್ತಿ. ಸಲಹೆಗಾರರು ನೇರವಾಗಿ ಮಾತಾಡುವಂತಿಲ್ಲ. ಮುಂದಿನ ಕುರ್ಚಿಯ ಪ್ರೆಬೆನ್ ಕ್ರಾಗ್‌ನ ತೋಳು ಮುಟ್ಟಬೇಕು. ಅವನು ತಲೆಯಾಡಿಸಿದರೆ ಮಾತು, ಒಂದು ಬೆರಳೆತ್ತಿದರೆ ಕಾಯಬೇಕು. ಡೆನ್ಮಾರ್ಕಿನ ಈ ಪ್ರೆಬೆನ್ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳ ಮಗಳ ಹುಟ್ಟುಹಬ್ಬಕ್ಕೆ ಕಾರ್ಡು ಕಳಿಸುತ್ತಿದ್ದ, ಕಾಫಿಯನ್ನು ಮೊದಲು ಅವಳಿಗೇ ಬಗ್ಗಿಸಿ ಕೊಡುತ್ತಿದ್ದ, ಬೆರಳೆತ್ತಿದಾಗಲೂ ನಗುನಗುತ್ತಲೇ ಎತ್ತುತ್ತಿದ್ದ. ಇಂಥವನ ಎದುರು ಮನುಷ್ಯ ಎಷ್ಟು ಬೇಗ ಪಳಗಿಬಿಡುತ್ತಾನೆ ನೋಡಿ.

ಹಾಮರಿಗೆ ಹೋಗುವ ಹುಚ್ಚು ಅಧ್ಯಕ್ಷರದು. ಸ್ವೀಡನ್ನಿನ ನಿವೃತ್ತ ನ್ಯಾಯಾಧೀಶ ಹೆನ್ನಿಂಗ್ ಆಲ್ಮ್, ಎಪ್ಪತ್ತೆರಡರ ಮನುಷ್ಯ, ಬಡಕಲು ಮೈ, ಚುರುಕು ಕಣ್ಣು. "ಯಾರ ಬಗ್ಗೆ ಬರೀತಿದ್ದೀವೋ ಅವರ ಮನೇಲಿ ಒಂದು ಊಟ ಆದ್ರೂ ಮಾಡ್ಬೇಡ್ವೇನ್ರಿ?" ಎಂದಿದ್ದ. ದಾನ್ಯಾಲ್ ದೊಡ್ಡಪ್ಪನ ಮನೆಯಲ್ಲಿ ಊಟವೆಂದು ನಿಶ್ಚಯವಾಯಿತು. ರಗ್ನಾಳೇ ಫೋನು ಮಾಡಿ ಹೇಳಿದ್ದಳು.

ದೋಣಿಯ ಹಾನುಸ್ ಪಕ್ಕದ ದ್ವೀಪದವನು. ಬೇಸಿಗೆಯಲ್ಲಿ ಪ್ರವಾಸಿಗರನ್ನು ನಾಲ್ಕಾರು ಸಲ ಹಾಮರಿಗೆ ಮುಟ್ಟಿಸಿದ್ದನಂತೆ. ಅಕ್ಟೋಬರಿನಲ್ಲಿ ಒಮ್ಮೆಯೂ ಇಲ್ಲ. ಅದನ್ನು ರಗ್ನಾ ಕೇಳಿಸಿಕೊಂಡಳು. ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು.

"ದ್ವೀಪದವರಿಗೂ ಸಮುದ್ರ ಅಂದ್ರೆ ಭಯಾನಾ?" ಎಂದ ಪ್ರೆಬೆನ್ ಪಕ್ಕದಿಂದ.

"ದ್ವೀಪದವರಿಗಲ್ದೆ ಇನ್ಯಾರಿಗೆ?" ಎಂದಳು.

ಆಲ್ಮ್ ನಕ್ಕ. "ನಾನು ಕೋರ್ಟಲ್ಲಿ ನಲವತ್ತು ವರ್ಷ ಕಳೆದೆ. ನನಗೆ ಭಯ ಆಗ್ತಿದ್ದದ್ದು ಭಯಾನೇ ಇಲ್ಲ ಅನ್ನೋ ವಕೀಲರನ್ನ ಕಂಡ್ರೆ. ನೀವು ಹೆದರ್ಕೊಳ್ಳಿ ರಗ್ನಾ, ನಮ್ಮೆಲ್ಲರ ಪರವಾಗಿ."

ಅವಳಿಗೂ ನಗು ಬಂತು, ಅರ್ಧಕ್ಕೇ ನಿಂತಿತು. ಮಂಜಿನ ಸಂದಿಯಲ್ಲಿ ಹಾಮರಿನ ಕಪ್ಪು ಬಂಡೆಗೋಡೆ ಕಂಡಿತ್ತು.

ಹಾಮರಿಗೆ ಬಂದರು ಎಂಬುದೇ ಇಲ್ಲ. ಬಂಡೆಯಲ್ಲಿ ಕಡಿದ ಹನ್ನೊಂದು ಮೆಟ್ಟಿಲು, ಹಗ್ಗ ಕಟ್ಟಲು ಒಂದು ಕಬ್ಬಿಣದ ಬಳೆ, ಮುಗಿಯಿತು. ದೋಣಿ ಮೂತಿಯನ್ನು ಬಂಡೆಗೆ ಒತ್ತಿ ನಿಲ್ಲುತ್ತದೆ. ಅಲೆ ಅದನ್ನು ಮೇಲಕ್ಕೆತ್ತಿದ ಒಂದು ಗಳಿಗೆಯಲ್ಲಿ ಮೆಟ್ಟಿಲಿಗೆ ಹಾರಬೇಕು. ಯಾವಾಗ ಹಾರಬೇಕೆಂದು ಹಾರುವವನು ಹೇಳುವಂತಿಲ್ಲ, ದೋಣಿಯವನೂ ಹೇಳುವಂತಿಲ್ಲ. ಬಂಡೆಯ ಮೇಲೆ ನಿಂತವನೇ ಹೇಳಬೇಕು, ಏಕೆಂದರೆ ಮೂಲೆಯ ಕೋಡುಗಲ್ಲಿನ ಆಚೆಯಿಂದ ಬರುವ ದೊಡ್ಡ ಅಲೆ ಕಾಣುವುದು ಅವನೊಬ್ಬನಿಗೇ. ಕೈ ಕೆಳಗೆ ಬೀಸಿದರೆ ಬಾ ಎಂದು. ಎರಡೂ ತೋಳನ್ನು ತಲೆಯ ಮೇಲೆ ಅಡ್ಡ ಹಾಕಿದರೆ ಬೇಡವೆಂದು. ಬಿಷಪ್ಪನೇ ಬರಲಿ, ಮಂತ್ರಿಯೇ ಬರಲಿ, ಕಾಲು ಕಲ್ಲಿಗೆ ತಾಗುವವರೆಗೆ ಬಂಡೆಯವನದೇ ಮಾತು. ಹಿಂದೊಮ್ಮೆ ದಾನ್ಯಾಲ್ ಒಬ್ಬ ಭಾರೀ ಅಧಿಕಾರಿಯನ್ನು ಎರಡು ಗಂಟೆ ದೋಣಿಯಲ್ಲೇ ತೂಗಾಡಿಸಿ, ವಾಂತಿ ಮಾಡಿಸಿ, ಹಾಗೇ ವಾಪಸು ಅಟ್ಟಿದ್ದ.

ರಗ್ನಾಳ ಅಪ್ಪ ಹೋದದ್ದು ಇಲ್ಲೇ, ಮೂವತ್ತೊಂದು ವರ್ಷದ ಹಿಂದೆ, ಅವಳ ಕಣ್ಣೆದುರಿಗೇ. ಅವತ್ತೂ ಬಂಡೆಯ ಮೇಲಿದ್ದವನು ದಾನ್ಯಾಲನೇ, ತೋಳು ಅಡ್ಡ ಹಾಕಿದ್ದ. ಅಪ್ಪ ಬೆನ್ನು ತಿರುಗಿಸಿ ಸಾಮಾನಿನ ಚೀಲ ಎತ್ತಿಕೊಳ್ಳುತ್ತಿದ್ದವನು ತಿರುಗಿದವನೇ ಮೇಲೆ ನೋಡದೆ ಹಾರಿದ. ದಾನ್ಯಾಲ್ ಎಸೆದ ಹಗ್ಗ ಮುಟ್ಟಲಿಲ್ಲ. ಅಂದಿನಿಂದ ದಾನ್ಯಾಲ್ ಹಗ್ಗವನ್ನು ಎಸೆಯುವುದಕ್ಕೆಂದು ಇಟ್ಟುಕೊಳ್ಳುವುದಿಲ್ಲ, ತನ್ನ ಸೊಂಟಕ್ಕೇ ಕಟ್ಟಿಕೊಂಡು ನಿಲ್ಲುತ್ತಾನೆ.

ಇವತ್ತೂ ಹಾಗೇ ನಿಂತಿದ್ದ. ಎಪ್ಪತ್ತು ದಾಟಿದ ಮೈ, ಹಳದಿ ಕೋಟು, ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಬಳೆಗೆ ಸುತ್ತಿ ನೆರೆಮನೆಯವನ ಕೈಯಲ್ಲಿತ್ತು.

ಹಾನುಸ್ ದೋಣಿಯ ಮೂತಿಯನ್ನು ಬಂಡೆಗೆ ತಂದ. ಅವನ ಕಣ್ಣು ಮೂತಿಯ ಮೇಲೆ, ಕೈ ಎಂಜಿನ್ನಿನ ಮೇಲೆ. "ಎತ್ತಿದಾಗ ಹಾರ್ಬೇಕು, ತಡ ಮಾಡ್ಬಾರ್ದು. ಒಬ್ಬೊಬ್ಬರಾಗಿ," ಎಂದ. ನೀರು ಶಾಂತವಾಗಿತ್ತು. ಅಲೆ ಎನ್ನುವಷ್ಟು ಅಲೆಯೂ ಇರಲಿಲ್ಲ. ದೋಣಿ ತೊಟ್ಟಿಲಿನಂತೆ ಏರಿ ಇಳಿಯುತ್ತಿತ್ತು. ಆಲ್ಮ್ ಎದ್ದು ಮೂತಿಗೆ ಹೋಗಿ ಕಂಬಿ ಹಿಡಿದು ನಿಂತ. ಮೊದಲು ಇಳಿಯುವುದು ಅಧ್ಯಕ್ಷರಲ್ಲವೇ.

ರಗ್ನಾ ತಲೆಯೆತ್ತಿ ಬಂಡೆಯತ್ತ ನೋಡಿದಳು. ದಾನ್ಯಾಲನ ತೋಳುಗಳು ತಲೆಯ ಮೇಲೆ ಅಡ್ಡ ಬಿದ್ದಿದ್ದವು.

ದಾನ್ಯಾಲ್ ಏನೋ ಕೂಗುತ್ತಿದ್ದ, ಬಾಯಿ ತೆರೆದದ್ದು ಕಾಣುತ್ತಿತ್ತು, ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಹಾನುಸ್ ಮೇಲೆ ನೋಡುತ್ತಿಲ್ಲ. ಉಳಿದವರು ನೋಡುತ್ತಿದ್ದಾರೆ, ಅವರಿಗೆ ಅದೊಂದು ಸ್ವಾಗತದ ಸನ್ನೆಯಂತೆ ಕಂಡಿರಬೇಕು. ನಾರ್ವೆಯ ಹೆಂಗಸೊಬ್ಬಳು ತಿರುಗಿ ಕೈ ಕೂಡ ಬೀಸಿದಳು. ದೋಣಿಯಲ್ಲಿದ್ದ ಎಂಟು ಜನರಲ್ಲಿ ಆ ತೋಳುಗಳನ್ನು ಕಂಡು ಅರ್ಥ ಮಾಡಿಕೊಂಡವಳು ಅವಳೊಬ್ಬಳೇ. ಕೂಗಬೇಕಿತ್ತು. ಆಲ್ಮ್ ಎಂದೋ, ನಿಲ್ಲಿ ಎಂದೋ, ಬರೀ ಆ ಎಂದೋ.

ನನಗೆ ಅವಳ ಮೇಲೆ ಸಿಟ್ಟು ಬರುವುದು ಇಲ್ಲಿಯೇ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು, ಒಪ್ಪುತ್ತೇನೆ. ಆದರೆ ಕೈ ಓಡಾಡುತ್ತಿತ್ತಲ್ಲ. ಆ ಕೈ ಎಲ್ಲಿಗೆ ಹೋಯಿತು ಗೊತ್ತೇ? ಪ್ರೆಬೆನ್ನನ ತೋಳಿಗೆ.

"ಪ್ರೆಬೆನ್, ಒಂದು ಮಾತು ಹೇಳ್ಬಹುದಾ?"

ಅವನು ತಿರುಗಿ ನೋಡಲೂ ಇಲ್ಲ. ಬೆರಳೆತ್ತಿದ. "ಇಳಿದ್ಮೇಲೆ, ರಗ್ನಾ."

ಅವಳು ಕಾದಳು. ಹೆಚ್ಚೆಂದರೆ ಮೂರು ಉಸಿರಿನಷ್ಟು ಹೊತ್ತು. ಒಂಬತ್ತು ವರ್ಷ ಆ ಬೆರಳಿನ ಹಿಂದೆ ಕಾದ ಮೈ ತಾನಾಗಿಯೇ ಕಾದುಕೂತಿತು. ದೋಣಿ ಏರಿತು, ಆಲ್ಮ್ ಹಾರಿದ.

ಕಾಲೇನೋ ಮೆಟ್ಟಿಲಿಗೆ ತಾಗಿತು. ಅಷ್ಟರಲ್ಲಿ ಬಂಡೆಯ ಬುಡದ ನೀರು ಯಾರೋ ಕೆಳಗಿಂದ ಹೀರಿಕೊಂಡಂತೆ ಸರ್ರನೆ ಇಳಿಯಿತು. ದೊಡ್ಡ ಅಲೆ ಬರುವ ಮುಂಚೆ ಹಾಗೇ ಆಗುವುದು. ದೋಣಿ ಧಡಕ್ಕನೆ ಕೆಳಗೆ ಬಿತ್ತು, ಪಾಚಿಯ ಮೆಟ್ಟಿಲ ಮೇಲೆ ಆಲ್ಮ್ ಜಾರಿದ, ಜಾರಿ ಬಂಡೆಗೂ ದೋಣಿಗೂ ನಡುವಿನ ಕಪ್ಪು ಸಂದಿಯೊಳಗೆ ಹೋದ. ರಗ್ನಾ ಆಗ ಕಿರುಚಿದಳು. ಆಗ ಎಲ್ಲರೂ ಕಿರುಚಿದರು. ಆಗ ಕಿರುಚಿ ಯಾರಿಗೆ ಏನಾಗಬೇಕಿತ್ತು?

ಹಾನುಸ್ ದೋಣಿಯನ್ನು ಹಿಂದಕ್ಕೆ ಎಳೆದ, ಪುಣ್ಯಾತ್ಮ, ಅದೊಂದನ್ನು ಸರಿಯಾಗಿ ಮಾಡಿದ. ಕೋಡುಗಲ್ಲಿನ ಆಚೆಯಿಂದ ಅಲೆ ಬಂತು, ಮನೆಯೆತ್ತರ. ಅದರ ಮುಂದೆ ಹಳದಿ ಕೋಟು ಮೆಟ್ಟಿಲಿಂದ ನೀರಿಗೆ ಹಾರಿದ್ದು ರಗ್ನಾಗೆ ಕಂಡಿತು. ಆಮೇಲೆ ಎಲ್ಲ ಬಿಳೀ ನೊರೆ. ಹಗ್ಗ ಬಿಗಿಯಿತು. ನೊರೆಯೊಳಗೆ ತಲೆಯಿಲ್ಲ, ಕೈಯಿಲ್ಲ, ಏನಿಲ್ಲ. ದೇವರೇ, ಮತ್ತೆ ಇಲ್ಲೇ, ಮತ್ತೆ ನನ್ನ ಕಣ್ಣೆದುರಿಗೇ ಎಂದು ಅವಳು ಗೊಣಗುತ್ತಿದ್ದಳು, ಪ್ರೆಬೆನ್ನನ ತೋಳನ್ನು ಇನ್ನೂ ಬಿಟ್ಟಿರಲಿಲ್ಲ. ಅಲೆ ಹಿಂದೆ ಸರಿದಾಗ ನಾಲ್ಕನೇ ಮೆಟ್ಟಿಲ ಮೇಲೆ ಎರಡು ಮೈ ಒಂದರ ಮೇಲೊಂದು ಬಿದ್ದಿದ್ದವು. ನೆರೆಮನೆಯವನು ಹಗ್ಗ ಎಳೆಯುತ್ತಿದ್ದ.

ಅರ್ಧ ಗಂಟೆ ದೋಣಿ ದೂರದಲ್ಲೇ ನಿಂತಿತು. ಆಮೇಲೆ ಇಬ್ಬರನ್ನೂ ಮನೆಗೆ ಸಾಗಿಸಿದ ನೆರೆಮನೆಯವನು ಬಂಡೆಗೆ ಮರಳಿ ಬಂದು ಕೈ ಬೀಸಿದ. ಉಳಿದವರು ಇಳಿಯುವುದಿಲ್ಲ ಎಂದರು, ಅವರ ತಪ್ಪೇನಿಲ್ಲ. ರಗ್ನಾ ಮೂತಿಗೆ ಹೋದಳು. ಒಳಉಡುಪು ಒದ್ದೆಯಾದದ್ದು ಸಮುದ್ರದ ನೀರಿನಿಂದಲ್ಲ ಎಂದು ಅವಳಿಗೆ ಗೊತ್ತಿತ್ತು. ಕೈ ಬೀಸಿತು, ಹಾರಿದಳು. ಹಿಂದೆಯೇ ಪ್ರೆಬೆನ್ ಹಾರಿದ. ಅವನೂ ಹೆದರಿದ್ದ, ಬಿಳಿಚಿಕೊಂಡಿದ್ದ, ಆದರೂ ಹಾರಿದ, ಅಷ್ಟು ಹೇಳಬೇಕು.

ಆಲ್ಮ್‌ನ ಸೊಂಟ ಮುರಿದಿತ್ತು. ದಾನ್ಯಾಲನ ಪಕ್ಕೆಲುಬು ಎಷ್ಟೋ ಮುರಿದಿದ್ದವು, ಉಸಿರು ತುಂಡುತುಂಡಾಗಿ ಬರುತ್ತಿತ್ತು. ಮಂಜು ಸ್ವಲ್ಪ ಸಡಿಲಿದಾಗ ರಕ್ಷಣೆಯ ಹೆಲಿಕಾಪ್ಟರ್ ಬಂತು. ಮಲಗಿಸಿ ಒಯ್ಯಲು ಒಬ್ಬರಿಗೆ ಮಾತ್ರ ಜಾಗ. "ಅವನನ್ನ ಕರ್ಕೊಂಡ್ಹೋಗಿ," ಎಂದ ದಾನ್ಯಾಲ್. "ನಾನು ಮನೇಲಿದ್ದೀನಿ. ಅವನು ಪಾಪ ಪರದೇಶದಲ್ಲಿದ್ದಾನೆ." ಎರಡು ಗಂಟೆಯಲ್ಲಿ ಮರಳಿ ಬರುತ್ತೇವೆ, ಅಲ್ಲಾಡಬೇಡ ಎಂದು ಹೇಳಿ ಹೋದರು.

ದಾನ್ಯಾಲನನ್ನು ಅಡುಗೆಮನೆಗೆ ತಾಗಿದ ಸಣ್ಣ ಕೋಣೆಯಲ್ಲಿ ಮಲಗಿಸಿ ಬಾಗಿಲು ತೆರೆದೇ ಇಟ್ಟಿದ್ದರು. ಅವನ ಒಂದೊಂದು ಉಸಿರೂ ಹೊರಗೆ ಕೇಳುತ್ತಿತ್ತು. ರಗ್ನಾ ಮೇಜಿನ ಬಳಿ ಕೂತು ಒಂದು ಉಸಿರು ಮುಗಿದು ಇನ್ನೊಂದು ಶುರುವಾಗುವವರೆಗೆ ತಾನೂ ಉಸಿರು ಹಿಡಿಯುತ್ತಿದ್ದಳು. ದೊಡ್ಡಮ್ಮ ಎಲ್ಸ್ಪಾ ಗಾಳಿಗೆ ಒಣಗಿಸಿದ ಕುರಿಮಾಂಸವನ್ನು ತೆಳ್ಳಗೆ ಹೆಚ್ಚಿ ತಟ್ಟೆಗೆ ಹಾಕಿ ತಂದಳು.

"ಹತ್ತು ಜನಕ್ಕೆ ಅಂತ ಇಟ್ಟಿದ್ದೆ. ತಿನ್ನಿ," ಎಂದಳು. "ಖಾಲಿ ಹೊಟ್ಟೆಗೆ ಹೆದರಿಕೆ ಜಾಸ್ತಿ."

ಯಾರೂ ತಿನ್ನಲಿಲ್ಲ. ಆಸ್ಪತ್ರೆಯಿಂದ ಫೋನು ಬಂತು: ಆಲ್ಮ್‌ನಿಗೆ ಜೀವಕ್ಕೆ ಅಪಾಯವಿಲ್ಲ, ನಾಳೆ ಮಲಗಿದಲ್ಲಿಂದಲೇ ಸಭೆ ನಡೆಸುತ್ತೇನೆಂದು ಹಟ ಹಿಡಿದಿದ್ದಾನಂತೆ. ಪ್ರೆಬೆನ್ ಮುಖವನ್ನು ಕೈಯಲ್ಲಿ ಮುಚ್ಚಿಕೊಂಡ.

"ರಗ್ನಾ," ಒಳಗಿಂದ ದಾನ್ಯಾಲ್ ಕರೆದ.

ಅವಳು ಹೋಗಿ ಬಾಗಿಲಲ್ಲಿ ನಿಂತಳು. ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ.

"ನನ್ನ ಕೈ ಕಾಣಿಸ್ತಾ ನಿಂಗೆ?"

ಸುಳ್ಳು ಹೇಳೋಣವೆಂದು ಒಂದು ಕ್ಷಣ ಅನ್ನಿಸಿತು. ಮಂಜಿತ್ತು, ನೀರು ಸಿಡಿಯುತ್ತಿತ್ತು ಎನ್ನಬಹುದಿತ್ತು. "ಮಂಜು ತುಂಬಾ..." ಎಂದು ಶುರುಮಾಡಿದಳು.

"ಅವಳು ನನಗೆ ಹೇಳೋಕೆ ಬಂದ್ಳು," ಎಂದ ಪ್ರೆಬೆನ್ ಹಿಂದಿನಿಂದ, ಎದ್ದು ನಿಂತು. "ನಾನೇ ಆಮೇಲೆ ಅಂದೆ. ತಪ್ಪು ನಂದು."

"ನಿನ್ನ ಕೇಳ್ತಿಲ್ಲಪ್ಪಾ. ನೀನು ನೆಲದ ಮನುಷ್ಯ, ನಿಂಗೇನು ಗೊತ್ತು," ಎಂದ ದಾನ್ಯಾಲ್. ಅವನು ಯಾರನ್ನೂ ಬಹುವಚನದಲ್ಲಿ ಕರೆದವನಲ್ಲ. "ಇವಳನ್ನ ಕೇಳ್ತಿದ್ದೀನಿ. ಕಾಣಿಸ್ತಾ?"

"ಕಾಣಿಸ್ತು ದೊಡ್ಡಪ್ಪ."

"ಮತ್ತೆ?"

"ಅಪ್ಪಣೆ ಕೇಳ್ದೆ."

ದಾನ್ಯಾಲ್ ಕೆಮ್ಮಿದ, ಕೆಮ್ಮಿದ್ದಕ್ಕೆ ನೋವಾಗಿ ಕಣ್ಣು ಮುಚ್ಚಿದ. ತೆರೆದಾಗ ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದಳು.

"ಬಂಡೆ ಮೇಲೆ ನಾನು ಬಡ್ಕೋತಾ ಇದ್ದೀನಿ, ನೀನು ಅಪ್ಪಣೆ ಕೇಳ್ತಾ ಇದ್ದೀಯ," ಎಂದ, ಒಂದೊಂದೇ ಪದವನ್ನು ಉಸಿರು ಕೂಡಿಸಿಕೊಂಡು. "ನಾಳೆ ಆ ಕಾಗದದಲ್ಲಿ ನಮಗೂ ಮಾತು ಅಂತ ಬರೀತಾರೆ ಅಂತಿಟ್ಕೋ. ಬರೆದ್ರು. ಆವಾಗಾದ್ರೂ ಕೂಗ್ತೀಯಾ?"

ಆವಾಗಲೂ ಕೂಗದೇ ಹೋದರೆ? ಬೆಳಗಿನಿಂದ ಹೆದರಿ ಹೆದರಿ ಸುಸ್ತಾಗಿದ್ದ ಅವಳಿಗೆ ಅದಕ್ಕಿಂತ ದೊಡ್ಡ ಹೆದರಿಕೆ ಒಂದಿದೆಯೆಂದು ಗೊತ್ತಾದದ್ದು ಆಗ. ಅಡುಗೆಮನೆಗೆ ಮರಳಿ ಕುರ್ಚಿಯಲ್ಲಿ ಕುಸಿದಳು.

ಪ್ರೆಬೆನ್ ಅವಳೆದುರು ಬಂದು ಕೂತ. ಕಣ್ಣು ಕೆಂಪಾಗಿತ್ತು. "ರಗ್ನಾ, ನಾಳೆ ಮೊದಲ ಮಾತು ನಿಮಗೇ ಕೊಡ್ತೀನಿ. ಎಷ್ಟು ಹೊತ್ತು ಬೇಕಾದ್ರೂ. ನಾನು ಅಡ್ಡ ಬರಲ್ಲ."

"ಬಹಳ ಉಪಕಾರವಾಯ್ತು, ಪ್ರೆಬೆನ್," ಎಂದಳು ಅವಳು.

ಒಳಗಿನ ಉಸಿರು ಒಂದು ಕ್ಷಣ ನಿಂತಿತು. "ಎಲ್ಸ್ಪಾ," ದಾನ್ಯಾಲ್ ಮೆಲ್ಲಗೆ ಹೇಳಿದ, "ಬಾಗಿಲು ಹಾಕು."

ಎಲ್ಸ್ಪಾ ಕೈ ಒರೆಸಿಕೊಂಡು ಹೋಗಿ ಬಾಗಿಲು ಹಾಕಿದಳು. ರಗ್ನಾಳತ್ತ ನೋಡಲಿಲ್ಲ.

ತಾನು ಏನು ಹೇಳಿದೆನೆಂದು ರಗ್ನಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತನ್ನದೇ ಮಾತನ್ನು ಅವನ ಕೈಯಿಂದ ಉಪಕಾರವೆಂದು ತೆಗೆದುಕೊಂಡಿದ್ದಳು. ಮುಚ್ಚಿದ ಬಾಗಿಲ ಆಚೆಯಿಂದ ಉಸಿರು ಕೇಳುತ್ತದೋ ಎಂದು ಕಿವಿಗೊಟ್ಟಳು. ಕೇಳಲಿಲ್ಲ. ಮೇಜಿನ ಅಂಚು ಹಿಡಿದು ಎದ್ದಳು.

"ಪ್ರೆಬೆನ್, ಆ ಉಪಕಾರದ ಮಾತು ವಾಪಸ್ ತಗೊಳ್ತೀನಿ," ಎಂದಳು. ದನಿ ಮೇಜಿನಾಚೆಗೆ ಅಷ್ಟೇ ಮುಟ್ಟಿತು. "ನಾಳೆ ನೀವು ಕೊಡೋದು ಬೇಡ. ಕೊಡದಿದ್ರೂ ಮಾತಾಡ್ತೀನಿ."

ಪ್ರೆಬೆನ್ ತಬ್ಬಿಬ್ಬಾದ. "ನಿಯಮದಲ್ಲಿ ಹಾಗಿಲ್ವಲ್ಲ ರಗ್ನಾ. ನಿಮ್ಮನ್ನ ಸಭೆಯಿಂದ ಹೊರಗೆ ಕಳಿಸ್ಬಹುದು. ಕೆಲಸಾನೂ..."

"ಗೊತ್ತು."

ಹೇಳಿಬಿಟ್ಟರೆ ಹೆದರಿಕೆ ಹೋಗುತ್ತದೆಂದು ಅವಳು ತಿಳಿದಿದ್ದಳು. ಹೋಗಲಿಲ್ಲ, ಇನ್ನೂ ಹೆಚ್ಚಿತು. ಆಗ ಮುಚ್ಚಿದ ಬಾಗಿಲ ಹಿಂದಿನಿಂದ ದಾನ್ಯಾಲನ ದನಿ ಬಂತು, ತುಂಡುತುಂಡಾಗಿ.

"ಯಾರದು ಅಷ್ಟು ಮೆತ್ತಗೆ ಮಾತಾಡೋದು? ಇಲ್ಲಿಗೆ ಕೇಳಿಸ್ತಿಲ್ಲ."

ಅವಳು ಬಾಗಿಲ ಕಡೆ ತಿರುಗಿ ಇನ್ನೊಮ್ಮೆ ಹೇಳಿದಳು, ಜೋರಾಗಿ.